ಹಳೇ ಎಸ್ಟೀಮ್: ಕಾಲು ತೆಗೆದರೂ ರೇಸ್ ಇಳಿಯುತ್ತಿಲ್ಲ, ಸ್ಲೋ 1,600ರಲ್ಲೇ ನಿಲ್ಲುತ್ತದೆ

ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಗಾಡಿ 2003ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ, 1.3 ಲೀಟರ್ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಗ್ಯಾಸ್ ಕಿಟ್ ಇಲ್ಲ. ಚೆಕ್ ಲೈಟ್ ಕೂಡ ಉರಿಯುತ್ತಿಲ್ಲ.

ಸಮಸ್ಯೆ ಸ್ಲೋದು, ಅಂದರೆ ಕಾಲು ತೆಗೆದಾಗ ಎಂಜಿನ್ ತಿರುಗುವ ಸ್ಪೀಡಿನದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹತ್ತಿರ ಹೋಗುತ್ತದೆ. ಅದು ಸರಿ, ತಣ್ಣಗಿರುವಾಗ ಜಾಸ್ತಿ ಇರಲಿ. ಆದರೆ ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೂ ನ್ಯೂಟ್ರಲ್‌ನಲ್ಲಿ 1,600ಕ್ಕಿಂತ ಕೆಳಗೆ ಬರುವುದಿಲ್ಲ. ಎಂಜಿನ್ ಶಬ್ದ ಸ್ಮೂತ್ ಆಗಿಯೇ ಇದೆ, ನಡುಗುವುದಿಲ್ಲ, ಬರೀ ಸ್ಪೀಡ್ ಜಾಸ್ತಿ. ಉಡುಪಿಗೆ ಹೋದಾಗ ಟ್ರಾಫಿಕ್‌ನಲ್ಲಿ ಸುಮಾರು ಹೊತ್ತು ನಿಂತರೆ 1,300ರ ತನಕ ಇಳಿಯುತ್ತದೆ. ಘಾಟಿ ಹತ್ತಿ ಊರು ಮುಟ್ಟುವಷ್ಟರಲ್ಲಿ ಮತ್ತೆ ಅದೇ ಕತೆ. ಮಳೆ ಹಿಡಿದ ಮೇಲಂತೂ ಇನ್ನೂ ಜಾಸ್ತಿ.

ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ (ಎಕ್ಸಿಲೇಟರ್ ಒತ್ತಿದಾಗ ತೆರೆದು ಎಂಜಿನ್‌ಗೆ ಗಾಳಿ ಬಿಡುವ ತಟ್ಟೆ ಇರುವ ಭಾಗ) ಬಿಚ್ಚಿ ಸ್ಪ್ರೇ ಹಾಕಿ ತೊಳೆದುಕೊಟ್ಟರು. ಅದಾದ ಮೇಲೆ ಸ್ಲೋ ಕಡಿಮೆ ಆಗುವುದು ಬಿಟ್ಟು ಏರಿತು! ಇನ್ನೊಬ್ಬರು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಹಳೇದು ಎಲ್ಲಾದರೂ ಹುಡುಕಿ ಹಾಕೋಣ ಅಂದರು. ದುಡ್ಡು ಸುರಿಯುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಆಗುಂಬೆ ಇಳಿಯುವಾಗ ಎರಡನೇ ಗೇರಿನಲ್ಲೂ ಎಂಜಿನ್ ಹಿಡಿಯುವುದಿಲ್ಲ. ಬ್ರೇಕ್ ಮೇಲೇ ಇಳಿಯಬೇಕು, ಸೋಮೇಶ್ವರ ಮುಟ್ಟುವಷ್ಟರಲ್ಲಿ ಬ್ರೇಕ್ ವಾಸನೆ. ಮೈಲೇಜ್ ಹತ್ತರ ಆಸುಪಾಸು. ಉಳಿದಂತೆ ಗಾಡಿ ಚೆನ್ನಾಗಿದೆ. ಹೀಟ್ ಸಮಸ್ಯೆಯಂತೂ ಸ್ವಲ್ಪವೂ ಇಲ್ಲ, ಟೆಂಪರೇಚರ್ ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೇಳುವುದೇ ಇಲ್ಲ.

ಭದ್ರಾವತಿಯಿಂದ:

ಸಾರ್, ಸಿಂಪಲ್. ಥ್ರಾಟಲ್ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಸ್ಲೋ ಇಳಿಸಿಬಿಡಿ. ನಮ್ಮ ಓಮ್ನಿಗೆ ನಾನು ಹಾಗೇ ಮಾಡೋದು.

ಸಾಗರದಿಂದ:

ತೀರ್ಥಹಳ್ಳಿಯವರೇ, ದಯವಿಟ್ಟು ಈಗಲೇ ಸ್ಕ್ರೂ ಮುಟ್ಟಬೇಡಿ. ಓಮ್ನಿ ಕಾರ್ಬುರೇಟರ್ ಲೆಕ್ಕ ಬೇರೆ, ಅಲ್ಲಿ ಸ್ಲೋ ಸ್ಕ್ರೂ ಇರುವುದೇ ತಿರುಗಿಸಲಿಕ್ಕೆ. ಎಂಪಿಎಫ್‌ಐ ಗಾಡಿಯಲ್ಲಿ ಥ್ರಾಟಲ್ ಹತ್ತಿರ ಕಾಣುವ ಸ್ಟಾಪ್ ಸ್ಕ್ರೂ ಸ್ಲೋ ಹೊಂದಿಸುವ ಸ್ಕ್ರೂ ಅಲ್ಲ. ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿದಾಗ ಬಾಡಿಗೆ ಸಿಕ್ಕಿಕೊಳ್ಳದಿರಲಿ ಅಂತ ಕಾರ್ಖಾನೆಯಲ್ಲೇ ಹೊಂದಿಸಿ, ಬಣ್ಣದ ಚುಕ್ಕೆ ಇಟ್ಟು ಕಳಿಸಿರುತ್ತಾರೆ. ಇಸಿಎಂ ವಿಷಯವನ್ನೂ ಸದ್ಯಕ್ಕೆ ಮರೆತುಬಿಡಿ. ಹಳೇ ಗಾಡಿಯಲ್ಲಿ ಕಾರಣ ಸಿಗದಿದ್ದಾಗ ಎಲ್ಲರೂ ಹೇಳುವುದು ಅದನ್ನೇ.

ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಪೆಟ್ರೋಲ್ ಎಂಜಿನ್ ಸುಮ್ನೆ ರೇಸ್ ಆಗುವುದಿಲ್ಲ. ಅದಕ್ಕೆ ಗಾಳಿ ಬೇಕು. ನೀವು ಕಾಲು ತೆಗೆದಿದ್ದೀರಿ ಅಂದರೆ ಮುಖ್ಯ ಬಾಗಿಲು ಹಾಕಿದ್ದೀರಿ. ಆದರೂ 1,600 ಓಡುತ್ತಿದೆ ಅಂದರೆ ಬೇರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಆ ಗಾಳಿಯನ್ನು ಇಸಿಎಂ ಬೇಕು ಅಂತ ಬಿಡುತ್ತಿದೆಯಾ, ಅಥವಾ ಕೇಳದೇ ನುಗ್ಗುತ್ತಿದೆಯಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಇದು ಗೊತ್ತಿಲ್ಲದೆ ಪಾರ್ಟ್ ಬದಲಿಸುವುದು ದಂಡ.

ನೀವು ಸ್ಮೂತ್ ಇದೆ ಅಂದಿರಿ. ಹಾಗಂತ ಗಾಳಿ ಲೀಕ್ ಇಲ್ಲ ಅಂತ ಹೇಳಲಾಗದು. ಕೆಲವು ಗಾಡಿಗಳಲ್ಲಿ ಫಿಲ್ಟರ್ ಆದ ಕೂಡಲೇ ಗಾಳಿ ಅಳೆಯುವ ಸೆನ್ಸರ್ ಇರುತ್ತದೆ. ಅಲ್ಲಿ ಆಚೆ ಎಲ್ಲೋ ಪೈಪ್ ಸೀಳಿ ಗಾಳಿ ನುಗ್ಗಿದರೆ ಆ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ. ನಿಮ್ಮದರಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಮ್ಯಾನಿಫೋಲ್ಡ್ (ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಮಾತ್ರ ನೋಡುತ್ತದೆ. ಗಾಳಿ ಯಾವ ದಾರಿಯಿಂದ ಬಂದರೂ ಒತ್ತಡ ಏರುತ್ತದೆ, ಇಸಿಎಂ ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಲೀಕ್ ಇದ್ದರೂ ನಡುಕವಿಲ್ಲದೆ ಸ್ಪೀಡ್ ಏರಿ ನಿಲ್ಲುತ್ತದೆ.

ಮೊದಲು ಎಂಜಿನ್ ಆಫ್ ಮಾಡಿ ಬಾನೆಟ್ ಎತ್ತಿ. ಎಕ್ಸಿಲೇಟರ್ ಕೇಬಲ್ ಬೆರಳಲ್ಲಿ ಒತ್ತಿ ನೋಡಿ, ಕೆಲವು ಮಿಲಿಮೀಟರ್ ಸಡಿಲ ಇರಬೇಕು. ತಂತಿಯಂತೆ ಬಿಗಿದಿದ್ದರೆ ಅದೇ ತಟ್ಟೆಯನ್ನು ಎಳೆದು ಹಿಡಿದಿರುತ್ತದೆ. ಥ್ರಾಟಲನ್ನು ಕೈಯಲ್ಲೇ ತಿರುಗಿಸಿ ಬಿಡಿ. ಟಕ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಕೇಬಲ್ ಒಳಗೆ ತುಕ್ಕು, ನಮ್ಮ ಕಡೆ ಮಳೆಗೆ ಇದು ಮಾಮೂಲಿ. ಹಾಗೇ ಪೆಡಲ್ ಕೆಳಗೂ ಒಮ್ಮೆ ಬಗ್ಗಿ ನೋಡಿ. ಕೆಸರಾಗುತ್ತದೆ ಅಂತ ಮ್ಯಾಟ್ ಮೇಲೆ ಗೋಣಿಚೀಲ ಹಾಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ಮಡಚಿ ಪೆಡಲಿಗೆ ಸಿಕ್ಕಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ಮುಖ್ಯ ಪರೀಕ್ಷೆ. ಗಾಡಿ ಓಡಿಸಿ ಬಂದು, ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಹಾಕಿ. ಫಿಲ್ಟರ್‌ನಿಂದ ಥ್ರಾಟಲ್ ಬಾಡಿಗೆ ಬರುವ ದಪ್ಪ ರಬ್ಬರ್ ಪೈಪ್ ಬಿಚ್ಚಿ ಸ್ಟಾರ್ಟ್ ಮಾಡಿ. ದಪ್ಪ ರಬ್ಬರ್ ಶೀಟಿನ ತುಂಡನ್ನು ಥ್ರಾಟಲ್ ಬಾಯಿಗೆ ಒತ್ತಿ ಪೂರ್ತಿ ಮುಚ್ಚಿ. ಎಂಜಿನ್ ತಕ್ಷಣ ನಿಂತರೆ ಗಾಳಿಯೆಲ್ಲ ಥ್ರಾಟಲ್ ಬಾಡಿ ಮೂಲಕವೇ ಹೋಗುತ್ತಿದೆ ಅಂತ ಅರ್ಥ. ಮುಚ್ಚಿದರೂ ಓಡುತ್ತಲೇ ಇದ್ದರೆ ಅದರಾಚೆ ಲೀಕ್ ಇದೆ. ಬ್ರೇಕ್ ಬೂಸ್ಟರ್ ಪೈಪ್, ಎಂಜಿನ್ ಒಳಗಿನ ಹೊಗೆ ಎಳೆಯುವ ಪಿಸಿವಿ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಬುಡದ ರಬ್ಬರ್ ರಿಂಗ್, ಪೆಟ್ರೋಲ್ ಆವಿ ಎಳೆಯುವ ಕ್ಯಾನಿಸ್ಟರ್ ಪೈಪ್, ಈ ಸಾಲಿನಲ್ಲಿ ಹುಡುಕಬೇಕು. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತೂ ನೋಡಿ.

ನಿಂತರೆ ಇನ್ನೊಂದು ಹೆಜ್ಜೆ. ಥ್ರಾಟಲ್ ಬಾಯಿಯ ಒಳಗೆ, ತಟ್ಟೆಗಿಂತ ಮೊದಲು ಒಂದು ಸಣ್ಣ ತೂತು ಕಾಣುತ್ತದೆ. ತಟ್ಟೆ ಮುಚ್ಚಿದಾಗ ಎಂಜಿನ್ ಉಸಿರಾಡುವ ಅಡ್ಡದಾರಿ ಅದು, ಐಡಲ್ ವಾಲ್ವ್‌ಗೆ ಹೋಗುತ್ತದೆ. ಅದನ್ನು ಬೆರಳಲ್ಲಿ ಮುಚ್ಚಿ ಆರ್‌ಪಿಎಂ ನೋಡಿ. ಬಟ್ಟೆ ತುರುಕಬೇಡಿ, ಒಳಗೆ ಎಳೆದುಕೊಂಡರೆ ಬೇರೆಯೇ ಕೆಲಸ ಬೀಳುತ್ತದೆ. ಆರ್‌ಪಿಎಂ ಚೆನ್ನಾಗಿ ಇಳಿದರೆ ಗಾಳಿ ಐಡಲ್ ವಾಲ್ವ್ ಮೂಲಕ ಬರುತ್ತಿದೆ: ಇಸಿಎಂ ತೆರೆಸಿದೆ, ಇಲ್ಲಾ ವಾಲ್ವ್ ತೆರೆದು ಸಿಕ್ಕಿಕೊಂಡಿದೆ. ಇಳಿಯದಿದ್ದರೆ ತಟ್ಟೆಯೇ ಪೂರ್ತಿ ಮುಚ್ಚುತ್ತಿಲ್ಲ.

ಕೈ ಹುಷಾರು. ರೇಡಿಯೇಟರ್ ಫ್ಯಾನ್ ಕರೆಂಟಿನದು, ಯಾವಾಗ ಬೇಕಾದರೂ ತಿರುಗಲು ಶುರುವಾಗುತ್ತದೆ. ಲೀಕ್ ಹುಡುಕಲು ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಎರಚುವವರಿದ್ದಾರೆ. ಬಿಸಿ ಸೈಲೆನ್ಸರ್ ಪೈಪ್ ಹತ್ತಿರ ಅದು ಬೆಂಕಿಗೆ ದಾರಿ. ಸೋಪಿನ ನೀರು ಸಾಕು. ಲೀಕ್ ಇರುವ ಜಾಗಕ್ಕೆ ಬಿದ್ದ ಕ್ಷಣ ಎಂಜಿನ್ ಶಬ್ದ ಬದಲಾಗುತ್ತದೆ.

ಯಾರ ಹತ್ತಿರವಾದರೂ ವ್ಯಾಕ್ಯೂಮ್ ಗೇಜ್ (ಮ್ಯಾನಿಫೋಲ್ಡ್ ಒಳಗಿನ ಎಳೆತ ಅಳೆಯುವ ಮೀಟರ್) ಇದ್ದರೆ ಒಮ್ಮೆ ಹಾಕಿಸಿ. ಪುಸ್ತಕದಲ್ಲಿ 18ರಿಂದ 22 ಇಂಚು (ಪಾದರಸದ ಲೆಕ್ಕ) ಅಂತ ಇರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. 300 ಮೀಟರ್ ಏರಿದರೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಶಿವಮೊಗ್ಗವೇ 570 ಮೀಟರ್ ಆಸುಪಾಸು. ಹಾಗಾಗಿ 17 ತೋರಿಸಿತು ಅಂತ ಗಾಬರಿ ಬೇಡ.

ತೀರ್ಥಹಳ್ಳಿಯಿಂದ:

ಸಾರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಾಡಿ ನೋಡಿದೆ.

ಕೇಬಲ್ ಸಡಿಲ ಇದೆ, ಥ್ರಾಟಲ್ ಟಕ್ ಅಂತ ವಾಪಸ್ ಬರುತ್ತದೆ. ಗೋಣಿಚೀಲ ಇಲ್ಲ! ರಬ್ಬರ್ ತುಂಡು ಒತ್ತಿದ ಕೂಡಲೇ ಎಂಜಿನ್ ನಿಂತಿತು. ಸಣ್ಣ ತೂತು ಬೆರಳಲ್ಲಿ ಮುಚ್ಚಿದರೆ 1,600ರಿಂದ 1,200ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಇದರ ಅರ್ಥ ಏನು? ಎರಡೂ ಕಡೆ ತೊಂದರೆಯಾ?

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸ್ಟಾಪ್ ಸ್ಕ್ರೂ ಮೇಲಿನ ಬಣ್ಣ ಒಡೆದಿದೆ. ಲಾಕ್ ನಟ್ ಮೇಲೆ ಸ್ಪ್ಯಾನರ್ ಜಾರಿದ ಗೀರು.

ಸಾಗರದಿಂದ:

ಹೌದು, ಎರಡೂ ಕಡೆ. ತೂತು ಮುಚ್ಚಿದ ಮೇಲೂ 1,200 ಓಡುತ್ತಿದೆ ಅಂದರೆ ತಟ್ಟೆ ಸಂದಿಯಿಂದಲೇ ಅಷ್ಟು ಗಾಳಿ ಹೋಗುತ್ತಿದೆ. ಬಣ್ಣ ಒಡೆದಿದ್ದು ನೋಡಿದರೆ ಹಿಂದೆ ಯಾರೋ ಸ್ಕ್ರೂ ಏರಿಸಿದ್ದಾರೆ. ಯಾಕೆ ಅಂತ ಊಹಿಸಬಹುದು. ಥ್ರಾಟಲ್ ಬಾಯಿ ಸುತ್ತ ಕರಿ ಕಟ್ಟಿ ಗಾಳಿ ಸಾಲದೆ ಸಿಗ್ನಲ್‌ನಲ್ಲಿ ಆಫ್ ಆಗುತ್ತಿತ್ತು, ತೊಳೆಯುವ ಬದಲು ಸ್ಕ್ರೂ ಏರಿಸಿ ಕಳಿಸಿದರು. ಈಗ ನಿಮಗೆ ತೊಳೆದುಕೊಟ್ಟಾಗ ಕರಿ ಹೋಯಿತು, ಸ್ಕ್ರೂ ಅಲ್ಲೇ ಉಳಿಯಿತು, ಸಂದಿ ದೊಡ್ಡದಾಯಿತು. ತೊಳೆದ ಮೇಲೆ ಸ್ಲೋ ಏರಿದ್ದಕ್ಕೆ ಇದೇ ಕಾರಣ. ತೊಳೆದವರ ಕೆಲಸದಲ್ಲಿ ತಪ್ಪಿಲ್ಲ.

ಆದರೆ ಅಡ್ಡದಾರಿಯಿಂದ ಬರುತ್ತಿರುವ ಉಳಿದ 400 ನನಗೆ ಇನ್ನೂ ಬಗೆಹರಿದಿಲ್ಲ. ತಟ್ಟೆಯಿಂದಲೇ ಇಷ್ಟು ಗಾಳಿ ಬರುತ್ತಿರುವಾಗ ಇಸಿಎಂ ಐಡಲ್ ವಾಲ್ವನ್ನು ಮುಚ್ಚಿಸಬೇಕಿತ್ತು. ಒಂದೋ ವಾಲ್ವ್ ಸಿಕ್ಕಿಕೊಂಡಿದೆ, ಇಲ್ಲಾ ಇಸಿಎಂಗೆ ಬೇಕಾಗಿಯೇ ತೆರೆದಿದೆ.

ಕೊಪ್ಪದಿಂದ:

ನಡುವೆ ಬಂದೆ, ಕ್ಷಮಿಸಿ. ತೀರ್ಥಹಳ್ಳಿಯವರು ಮೊದಲೇ ಉತ್ತರ ಕೊಟ್ಟುಬಿಟ್ಟಿದ್ದಾರೆ. "ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೇಳುವುದೇ ಇಲ್ಲ" ಅಂದರಲ್ಲ, ಅಲ್ಲಿದೆ ತೊಂದರೆ. ಎಂಜಿನ್ ತಣ್ಣಗಿದ್ದರೆ ಒಳ್ಳೆಯದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಪೆಟ್ರೋಲ್ ಎಂಜಿನ್ 80ರಿಂದ 95 ಡಿಗ್ರಿಯಲ್ಲಿ ಕೆಲಸ ಮಾಡಬೇಕು. ಆಗ ಮುಳ್ಳು ನಡುವಿನ ಹತ್ತಿರ ನಿಲ್ಲುತ್ತದೆ.

ನನ್ನ ಅನುಮಾನ: ನಿಮ್ಮ ಗಾಡಿಯಲ್ಲಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಇಲ್ಲ.

ನಮ್ಮಲ್ಲಿ ಇದೊಂದು ರೋಗ. ಯಾವಾಗಲೋ ಒಮ್ಮೆ ಗಾಡಿ ಹೀಟ್ ಆಗಿರುತ್ತದೆ. ರೇಡಿಯೇಟರ್ ಕಟ್ಟಿದೆಯಾ, ಫ್ಯಾನ್ ತಿರುಗುತ್ತಿದೆಯಾ, ವಾಟರ್ ಪಂಪ್ ಸರಿ ಇದೆಯಾ ಅಂತ ನೋಡುವುದು ಬಿಟ್ಟು ಥರ್ಮೋಸ್ಟಾಟ್ ಕಿತ್ತು ಎಸೆಯುತ್ತಾರೆ. "ಈ ಸೆಕೆಗೆ ಅದು ಬೇಡ ಸಾರ್" ಅನ್ನುತ್ತಾರೆ. ಬಯಲುಸೀಮೆಯ ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲೇ ಓಡುವ ಗಾಡಿಗೆ ಹೇಗೋ ನಡೆದುಹೋಗುತ್ತದೆ. ಆಗುಂಬೆಯ ಆಚೀಚೆ ಆಷಾಢದ ಮಳೆಯಲ್ಲಿ ನಡೆಯುವುದಿಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ಸ್ಟಾರ್ಟ್ ಮಾಡಿದ ಕ್ಷಣದಿಂದ ನೀರು ರೇಡಿಯೇಟರ್ ಸುತ್ತುತ್ತಲೇ ಇರುತ್ತದೆ. ಎದುರಿಗೆ ತಣ್ಣನೆ ಒದ್ದೆ ಗಾಳಿ. ಎಂಜಿನ್ ಎಷ್ಟು ಓಡಿದರೂ ಬೇಕಾದ ಬಿಸಿ ಮುಟ್ಟುವುದೇ ಇಲ್ಲ. ಇಸಿಎಂ ಏನು ಮಾಡೀತು? ಇನ್ನೂ ಬೆಳಗಿನ ಸ್ಟಾರ್ಟ್ ಅಂದುಕೊಂಡು ಐಡಲ್ ವಾಲ್ವ್ ತೆರೆದಿಟ್ಟು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಸೆನ್ಸರ್ ಹೇಳಿದ್ದನ್ನು ಸರಿಯಾಗಿಯೇ ಪಾಲಿಸುತ್ತಿದೆ ಪಾಪ, ಅದನ್ನು ಬದಲಿಸಲು ಹೊರಟಿದ್ದರು!

ಉಡುಪಿಯ ಟ್ರಾಫಿಕ್‌ನಲ್ಲಿ ಇಳಿದಿದ್ದೂ ಇದಕ್ಕೇ. ಸೆಕೆ, ಗಾಡಿ ನಿಂತಿದೆ, ರೇಡಿಯೇಟರಿಗೆ ಗಾಳಿ ಇಲ್ಲ. ಎಂಜಿನ್ ಒಂದಷ್ಟು ಬಿಸಿಯಾಯಿತು, ಇಸಿಎಂ ಸ್ಲೋ ಇಳಿಸಿತು. ಘಾಟಿ ಹತ್ತುವಾಗ ಬಿಸಿ ಇದ್ದರೂ ಮೇಲೆ ಬಂದು ಮಂಜಿನಲ್ಲಿ ಓಡಿದ ಕೂಡಲೇ ಮತ್ತೆ ತಣ್ಣಗಾಯಿತು. ಮೈಲೇಜ್ ಹತ್ತಕ್ಕೆ ಬಿದ್ದಿರುವುದಕ್ಕೂ ಬೇರೆ ಕಾರಣ ಹುಡುಕುವುದು ಬೇಡ.

ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರ್ ಮೇಲಿನ ದಪ್ಪ ಪೈಪ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಸರಿ ಇದ್ದರೆ ಪೈಪ್ ಸುಮಾರು ಹೊತ್ತು ತಣ್ಣಗೇ ಇರುತ್ತದೆ, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಇಲ್ಲದಿದ್ದರೆ, ಅಥವಾ ತೆರೆದೇ ಸಿಕ್ಕಿಕೊಂಡಿದ್ದರೆ, ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಮೀಟರಿನ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ಬೇರೆ, ಇಸಿಎಂಗೆ ಕೊಡುವುದು ಬೇರೆ. ಮುಳ್ಳಿನದಕ್ಕೆ ಸಾಮಾನ್ಯವಾಗಿ ಒಂದೇ ವೈರ್, ಇಸಿಎಂದಕ್ಕೆ ಎರಡು. ಎರಡು ವೈರಿನದನ್ನು ಮಲ್ಟಿಮೀಟರ್‌ನಲ್ಲಿ ನೋಡಿಸಿ. 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಬರಬೇಕು. ಬಿಸಿಯಾದರೂ ಸಾವಿರದ ಮೇಲೆ ನಿಂತರೆ, ಅಥವಾ ಕನೆಕ್ಟರ್ ಹಸಿರು ಹಿಡಿದಿದ್ದರೆ, ಸೆನ್ಸರ್ ಸುಳ್ಳು ಹೇಳುತ್ತಿದೆ.

ಮತ್ತೆ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಭಾಗ ನೋಡಿ. ಬಿಳಿ ಕೆನೆಯಂಥದ್ದು ಕಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಯಾರಾದರೂ ಹೆದರಿಸುತ್ತಾರೆ. ನಮ್ಮ ಮಳೆಯಲ್ಲಿ, ಬಿಸಿಯೇ ಆಗದ ಎಂಜಿನ್‌ನಲ್ಲಿ ನೀರಿನ ಪಸೆ ಆರದೆ ಹಾಗೆ ಕಟ್ಟುತ್ತದೆ. ಕೂಲೆಂಟ್ ಕಡಿಮೆಯಾಗುತ್ತಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿ ಬಣ್ಣದಲ್ಲಿದೆ ಅಂದರೆ ಹೆಡ್ ಬಿಚ್ಚಲು ಬಿಡಬೇಡಿ.

ಹೊಸನಗರದಿಂದ:

ಇದೇ ಜಾತಿಯ ಪ್ರಶ್ನೆ. ನನ್ನದು ಹಳೇ ಜೆನ್ ಎಂಪಿಎಫ್‌ಐ. ಸ್ಲೋ ಒಂದೇ ಕಡೆ ನಿಲ್ಲುವುದಿಲ್ಲ. ವೂಂ ಅಂತ ಏರುತ್ತದೆ, ಧಡ್ ಅಂತ ಬೀಳುತ್ತದೆ, ಮತ್ತೆ ಏರುತ್ತದೆ. ಗೇರಿನಲ್ಲಿ ಓಡುವಾಗ ಏನೂ ತೊಂದರೆ ಇಲ್ಲ. ಇದಕ್ಕೂ ಥರ್ಮೋಸ್ಟಾಟ್ ಕಾರಣವಾ?

ಕೊಪ್ಪದಿಂದ:

ಹೊಸನಗರದವರೇ, ನಿಮ್ಮದರಲ್ಲಿ ಮೊದಲು ಕೂಲೆಂಟ್ ಮಟ್ಟ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿ ನೋಡಿ ಸುಮ್ಮನಾಗಬೇಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಕುತ್ತಿಗೆ ತನಕ ಇದೆಯಾ ನೋಡಿ. ಬಿಸಿ ಇರುವಾಗ ಕ್ಯಾಪಿಗೆ ಕೈ ಹಾಕಬೇಡಿ.

ಮಟ್ಟ ಇಳಿದರೆ ಒಳಗೆ ಗಾಳಿ ಸೇರುತ್ತದೆ. ಸೆನ್ಸರ್ ತುದಿ ನೀರಿನ ಬದಲು ಗಾಳಿಯಲ್ಲಿ ನಿಂತರೆ ಎಂಜಿನ್ ಬಿಸಿ ಇದ್ದರೂ ತಣ್ಣಗಿದೆ ಅನ್ನುತ್ತದೆ. ಕೆಲವು ಥ್ರಾಟಲ್ ಬಾಡಿಗಳಲ್ಲಿ ಮೇಣ ತುಂಬಿದ ಒಂದು ವಾಲ್ವ್ ಕೂಡ ಇರುತ್ತದೆ. ಎಂಜಿನ್ ನೀರು ಅದರ ಸುತ್ತ ಹರಿದು ಮೇಣ ಹಿಗ್ಗಿದಾಗ ಗಾಳಿ ದಾರಿ ಮುಚ್ಚುತ್ತದೆ. ಬಿಸಿನೀರು ಅಲ್ಲಿಗೆ ಮುಟ್ಟದಿದ್ದರೆ ತೆರೆದೇ ಇರುತ್ತದೆ.

ಏರಿಳಿತ ಯಾಕೆ ಅಂದರೆ: ಕಾಲು ತೆಗೆದಿದ್ದೀರಿ, ಆದರೆ ಎಂಜಿನ್ ಸ್ಪೀಡ್ ಜಾಸ್ತಿ ಇದೆ. ಇಸಿಎಂ ಇದನ್ನು ಇಳಿಜಾರು ಇಳಿಯುತ್ತಿರುವ ಗಾಡಿ ಅಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತದೆ. ಸ್ಪೀಡ್ ಬೀಳುತ್ತದೆ. ಆಫ್ ಆಗಬಾರದು ಅಂತ ಮತ್ತೆ ಬಿಡುತ್ತದೆ. ಗಾಳಿ ಹಾಗೇ ನುಗ್ಗುತ್ತಿರುವುದರಿಂದ ಮತ್ತೆ ಏರುತ್ತದೆ. ಹುಡುಕಬೇಕಾದ್ದು ಆ ಗಾಳಿಯನ್ನೇ. ಕೂಲೆಂಟ್ ತುಂಬಿದೆ ಅಂದರೆ ಸಾಗರದವರು ಹೇಳಿದ ರಬ್ಬರ್ ತುಂಡಿನ ಪರೀಕ್ಷೆ ಮಾಡಿ.

ತೀರ್ಥಹಳ್ಳಿಯಿಂದ:

ಮೇಡಂ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! ಮೇಲಿನ ಪೈಪ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಉಗುರು ಬೆಚ್ಚಗಾಗಲು ಶುರುವಾಯಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ತಗೊಂಡು ಹೋಗಿ ಹೌಸಿಂಗ್ ಬಿಚ್ಚಿಸಿದೆ. ಒಳಗೆ ಖಾಲಿ. ಥರ್ಮೋಸ್ಟಾಟ್ ಕೂರುವ ಜಾಗದಲ್ಲಿ ಬರೀ ಗ್ಯಾಸ್ಕೆಟ್ ಪೇಸ್ಟ್. ಆಯಿಲ್ ಮುಚ್ಚಳದಲ್ಲೂ ನೀವು ಹೇಳಿದ ಕೆನೆ ಇತ್ತು. ಕೂಲೆಂಟ್ ಕಡಿಮೆಯಾಗಿಲ್ಲ, ಆಯಿಲ್ ಬಣ್ಣ ಸರಿ ಇದೆ. ಎರಡು ವೈರಿನ ಸೆನ್ಸರ್ ಬಿಸಿನೀರಲ್ಲಿ ಇಟ್ಟು ನೋಡಿದರು, 300ರ ಹತ್ತಿರವೇ ಬಂತು.

ಹೊಸ ಥರ್ಮೋಸ್ಟಾಟ್ ಸಿಕ್ಕಿದೆ, ಮೇಲೆ 82 ಅಂತ ಅಚ್ಚು ಇದೆ. ಹಾಕುವಾಗ ಏನಾದರೂ ನೋಡಬೇಕಾ?

ಸಾಗರದಿಂದ:

ಕೊಪ್ಪದ ಮೇಡಂ ಹೇಳಿದ್ದು ಸರಿಯಾಗಿ ಬಿತ್ತು. ಮುಳ್ಳಿನ ಮಾತು ಗಾಡಿ ಚೆನ್ನಾಗಿದೆ ಅನ್ನುವ ವಾಕ್ಯದ ಪಕ್ಕದಲ್ಲೇ ಇದ್ದಿದ್ದರಿಂದ ಯಾರ ಕಣ್ಣೂ ಅಲ್ಲಿ ನಿಲ್ಲಲಿಲ್ಲ.

ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ದಾರಕ್ಕೆ ಕಟ್ಟಿ ಇಳಿಬಿಡಿ. 82ರ ಹತ್ತಿರ ತೆರೆಯಲು ಶುರುವಾಗಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಹೊಸದು ಅಂತ ನಂಬಬೇಡಿ. ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರಬೇಕು, ಗಾಳಿ ಹೋಗುವುದು ಅಲ್ಲಿಂದ. ಹಳೇ ಪೇಸ್ಟ್ ಪೂರ್ತಿ ಕೆರೆದು ತೆಗೆಯಿರಿ, ತುಂಡು ಒಳಗೆ ಬೀಳದ ಹಾಗೆ. ಬರೀ ಬಾವಿ ನೀರು ಹಾಕಬೇಡಿ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬಿದ ಮೇಲೆ ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಫುಲ್ ಇಡಿ, ಗುಳ್ಳೆ ನಿಲ್ಲುವ ತನಕ ಸ್ವಲ್ಪ ಸ್ವಲ್ಪ ತುಂಬಿಸುತ್ತಿರಿ. ಕ್ಯಾಪ್ ಹಾಕಿ ಫ್ಯಾನ್ ಒಮ್ಮೆ ತಾನಾಗಿ ತಿರುಗಿ ನಿಲ್ಲುವ ತನಕ ಬಿಡಿ. ಇದು ಮುಖ್ಯ. ಥರ್ಮೋಸ್ಟಾಟ್ ಯಾಕೆ ಕಿತ್ತಿದ್ದರು ಅಂತ ನಮಗೆ ಗೊತ್ತಿಲ್ಲ. ಫ್ಯಾನ್ ಹಾಳಾಗಿಯೇ ಕಿತ್ತಿದ್ದರೆ ಈಗ ನಿಜವಾಗಿಯೂ ಹೀಟ್ ಆಗುತ್ತದೆ. ಮೊದಲ ಕೆಲವು ದಿನ ಮುಳ್ಳಿನ ಮೇಲೆ ಕಣ್ಣಿರಲಿ.

ಅದಾದ ಮೇಲೆಯೇ ಸ್ಟಾಪ್ ಸ್ಕ್ರೂ. ಈಗ ಮುಟ್ಟಲು ಕಾರಣ ಇದೆ. ಎಂಜಿನ್ ಆಫ್. ಲಾಕ್ ನಟ್ ಸಡಿಲಿಸಿ, ಸ್ಕ್ರೂ ಲಿವರಿಗೆ ತಾಗದಷ್ಟು ಹಿಂದಕ್ಕೆ ತಿರುಗಿಸಿ. ತಟ್ಟೆ ಪೂರ್ತಿ ಮುಚ್ಚುತ್ತದೆ. ಈಗ ಸ್ಕ್ರೂ ಲಿವರಿಗೆ ತಾಗುವ ತನಕ ಮುಂದೆ ತನ್ನಿ. ಒಂದು ಹಾಳೆ ತುಂಡು ನಡುವೆ ಇಟ್ಟರೆ ತಾಗಿದ್ದು ಗೊತ್ತಾಗುತ್ತದೆ. ತಾಗಿದ ಮೇಲೆ ತಟ್ಟೆ ಕಚ್ಚಿಕೊಳ್ಳದ ಹಾಗೆ ಕೂದಲೆಳೆಯಷ್ಟು ಮುಂದೆ, ಅಷ್ಟೇ. ಲಾಕ್ ಮಾಡಿ. ಆಮೇಲೆ ಥ್ರಾಟಲ್ ಸೆನ್ಸರ್ ವೋಲ್ಟೇಜ್ ನೋಡಿಸಿ. ಮುಚ್ಚಿದಾಗ ಅರ್ಧ ವೋಲ್ಟ್ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕರ ಹತ್ತಿರ ಅಥವಾ ಮೇಲೆ, ನಡುವೆ ಎಲ್ಲೂ ಜಿಗಿಯದೆ ಏರಬೇಕು.

ನೀವು ಘಾಟಿ ಇಳಿಯುವಾಗ ಎಂಜಿನ್ ಹಿಡಿಯುವುದಿಲ್ಲ ಅಂದಿರಲ್ಲ, ಅದಕ್ಕೂ ಇಲ್ಲೇ ನಂಟು ಇರಬಹುದು. ಕಾಲು ತೆಗೆದಾಗ ಥ್ರಾಟಲ್ ಮುಚ್ಚಿದೆ ಅಂತ ಸೆನ್ಸರ್ ಹೇಳಿದರೆ ಮಾತ್ರ ಇಸಿಎಂ ಪೆಟ್ರೋಲ್ ನಿಲ್ಲಿಸುತ್ತದೆ. ಎಂಜಿನ್ ತಣ್ಣಗಿದ್ದರೂ ನಿಲ್ಲಿಸಲು ಹಿಂಜರಿಯುತ್ತದೆ. ಎರಡೂ ಸರಿಯಾಗುವ ತನಕ ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ ಒಂದು ಗೇರ್ ಕಡಿಮೆಯಲ್ಲೇ ಬನ್ನಿ, ನ್ಯೂಟ್ರಲ್ ಅಂತೂ ಬೇಡವೇ ಬೇಡ.

ತೀರ್ಥಹಳ್ಳಿಯಿಂದ:

ಮುಗಿಯಿತು! ಥರ್ಮೋಸ್ಟಾಟ್ ಹಾಕಿದ ಮೇಲೆ ಮುಳ್ಳು ನಡುವಿಗಿಂತ ಸ್ವಲ್ಪ ಕೆಳಗೆ ಬಂದು ನಿಂತಿತು, ಸ್ಲೋ 1,200ಕ್ಕೆ ಇಳಿಯಿತು. ಬೆರಳಲ್ಲಿ ಮುಚ್ಚಿದಾಗ ಬಂದಿದ್ದೂ ಅಷ್ಟೇ. ಸ್ಕ್ರೂ ನೀವು ಹೇಳಿದ ಹಾಗೆ ಕೂರಿಸಿದ ಮೇಲೆ 850. ಎಸಿ ಹಾಕಿದರೆ ಕೊಂಚ ಏರಿ ನಿಲ್ಲುತ್ತದೆ. ಫ್ಯಾನ್ ತಾನಾಗಿ ತಿರುಗಿ ನಿಂತಿತು, ಆದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿತ್ತು, ತೊಳೆಸಿದೆವು. ಹಿಂದೆ ಹೀಟ್ ಆಗಿದ್ದು ಅದಕ್ಕೇ ಇರಬೇಕು. ಇಸಿಎಂ ಹಳೇದೇ ಇದೆ.

ಆಗುಂಬೆ ಇಳಿದು ನೋಡಿದೆ. ಎರಡನೇ ಗೇರಿನಲ್ಲಿ ಎಂಜಿನ್ ಚೆನ್ನಾಗಿ ಹಿಡಿಯುತ್ತದೆ, ಬ್ರೇಕ್ ವಾಸನೆ ಇಲ್ಲ. ಮೈಲೇಜ್ ಇನ್ನೂ ಅಳೆದಿಲ್ಲ.

ಹೊಸನಗರದಿಂದ:

ನನ್ನದೂ ಸಿಕ್ಕಿತು. ಡಬ್ಬಿಯಲ್ಲಿ ಕೂಲೆಂಟ್ ಫುಲ್ ಇತ್ತು, ರೇಡಿಯೇಟರ್ ಒಳಗೆ ಮಾತ್ರ ಇಲ್ಲ. ಕ್ಯಾಪಿನ ರಬ್ಬರ್ ಒಣಗಿ ಡಬ್ಬಿಯಿಂದ ವಾಪಸ್ ಎಳೆಯುತ್ತಿರಲಿಲ್ಲ. ಹೊಸ ಕ್ಯಾಪ್ ಹಾಕಿ ತುಂಬಿಸಿದ ಮೇಲೆ ಏರಿಳಿತ ನಿಂತಿದೆ.

ಭದ್ರಾವತಿಯಿಂದ:

ಎಲ್ಲ ಓದಿದೆ, ಒಳ್ಳೇ ಮಾಹಿತಿ. ಹಾಗಾದರೆ ನಮ್ಮ ಕಾರ್ಬುರೇಟರ್ ಓಮ್ನಿಗೆ? ಸ್ಕ್ರೂ ಎಷ್ಟು ಇಳಿಸಿದರೂ ವಾರಕ್ಕೊಮ್ಮೆ ಮತ್ತೆ ಏರುತ್ತದೆ.

ಸಾಗರದಿಂದ:

ಹಾಗಾದರೆ ಸ್ಕ್ರೂ ಕಾರಣ ಅಲ್ಲ. ಚೋಕ್ ನಾಬ್ ಒಳಗೆ ಒತ್ತಿ, ಬಾನೆಟ್ ಕಡೆಯಿಂದ ಚೋಕ್ ತಟ್ಟೆ ನೆಟ್ಟಗೆ ಪೂರ್ತಿ ತೆರೆದಿದೆಯಾ ನೋಡಿ. ಚೋಕ್ ಎಳೆದಾಗ ಥ್ರಾಟಲನ್ನೂ ಸ್ವಲ್ಪ ತೆರೆಯುವ ಒಂದು ಕೊಂಡಿ ಇರುತ್ತದೆ. ಕೇಬಲ್ ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗದಿದ್ದರೆ ಆ ಕೊಂಡಿ ಥ್ರಾಟಲನ್ನು ಎತ್ತಿ ಹಿಡಿದೇ ಇರುತ್ತದೆ. ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ ಆಗುವುದು ಇದರಿಂದಲೇ. ಕೇಬಲ್ ಬಿಚ್ಚಿ ನೇತುಹಾಕಿ ಮೇಲಿನ ತುದಿಯಿಂದ ತೆಳ್ಳಗಿನ ಎಣ್ಣೆ ಬಿಡಿ, ಕೆಳಗಿನ ತುದಿಯಿಂದ ತೊಟ್ಟಿಕ್ಕುವ ತನಕ. ಆಮೇಲೂ ಏರಿದರೆ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಹಾಕಿ ನೋಡಿ.